ಬರೀ ಅಲಂಕಾರ

"ಎಲ್ಲಾ ವಾಪಸ್ ಬಂತು ನೋಡು. ಒಂದು ಸಾಸಿವೆ ಕಾಳಷ್ಟೂ ಕಳೆದಿಲ್ಲ," ಎಂದು ಹಾರ್ಲನ್ ಹೊಸ ಕಂಪ್ಯೂಟರಿನ ಮುಂದಿನಿಂದ ಎದ್ದು ಆರ್ಡಿಸ್‌ಗೆ ಕುರ್ಚಿ ಬಿಟ್ಟುಕೊಟ್ಟ.

ಚರ್ಚಿನ ಕಾರ್ಯದರ್ಶಿ ಆರ್ಡಿಸ್ ಕೂತು ನೋಡಿದಳು. ಪರದೆಯ ಮೇಲೆ ಅವಳ ಸರೋವರದ ಚಿತ್ರ ಬಂದಿತ್ತು. ಬಂದಿರಬೇಕು, ನೀಲಿಯಾಗಿ ಏನೋ ಹರಡಿಕೊಂಡಿತ್ತು. ಅದರ ಮೇಲಿನ ಅಕ್ಷರಗಳು ಮಾತ್ರ ಇರುವೆ ಸಾಲು. ನಾಲ್ಕು ವರ್ಷದಲ್ಲಿ ಒಂದೊಂದಾಗಿ ಹೊಂದಿಸಿಕೊಂಡಿದ್ದ ಕಪ್ಪು ಹಿನ್ನೆಲೆ, ದಪ್ಪ ಹಳದಿ ಅಕ್ಷರ, ಹೆಬ್ಬೆರಳಿನಷ್ಟು ದೊಡ್ಡ ಬಾಣದ ಗುರುತು ಒಂದೂ ಇರಲಿಲ್ಲ.

"ನನ್ನ ಹಳದಿ ಅಕ್ಷರ ಎಲ್ಲೋ?"

"ಅದಾ? ಅದು ಬರೀ ಅಲಂಕಾರ ಕಣೇ. ಅದನ್ನೆಲ್ಲ ಯಾರು ಬ್ಯಾಕಪ್ ತೆಗೀತಾರೆ? ಕಡತ ತೆಗೆದೆ, ಚಿತ್ರ ತೆಗೆದೆ, ಆನ್ ಮಾಡಿದ್ರೆ ಕೂಗುತ್ತಲ್ಲ ಆ ನೀರುಹಕ್ಕಿ, ಅದರ ಕೂಗನ್ನೂ ತೆಗೆದೆ."

"ಹಕ್ಕಿ ಕೂಗು ತೆಗೆದೋನಿಗೆ ಅಕ್ಷರ ತೆಗೆಯೋಕೆ ಏನು ರೋಗ ಬಂದಿತ್ತು?"

"ಹಕ್ಕಿ ಕೂಗು ನನಗೂ ಇಷ್ಟ."

ಹಾರ್ಲನ್ ಮೂವತ್ತೆಂಟು ವರ್ಷ ಟೆಲಿಫೋನ್ ಕಂಬ ಹತ್ತಿ ನಿವೃತ್ತನಾದವನು. ಚರ್ಚಿನಲ್ಲಿ ತಂತಿ ಇರುವ ಪ್ರತಿಯೊಂದು ವಸ್ತುವೂ ತನ್ನ ಸುಪರ್ದಿಯಲ್ಲೇ ಇದೆ ಎಂದು ನಂಬಿದ್ದ. ಹಳೆಯ ಕಂಪ್ಯೂಟರ್ ಚೆನ್ನಾಗಿಯೇ ನಡೆಯುತ್ತಿತ್ತು, ಬದಲಿಸು ಎಂದು ಯಾರೂ ಅಂಗಲಾಚಿರಲಿಲ್ಲ. ಕೇಳದೆ ಮಾಡುವ ಉಪಕಾರಕ್ಕಿಂತ ದೊಡ್ಡ ಉಪದ್ರವ ಇನ್ನೊಂದಿಲ್ಲ. ಅದೂ ಗುರುವಾರವೇ ಆಗಬೇಕೆ! ಭಾನುವಾರದ ಪ್ರಾರ್ಥನೆಯ ವಾರಪತ್ರ ಇವತ್ತೇ ಅಚ್ಚಾಗಬೇಕು, ಅದನ್ನು ಮಡಚುವ ಹೆಂಗಸರು ಎರಡು ಗಂಟೆಗೆ ಬಂದು ಕೂರುತ್ತಾರೆ.

'ನನಗೆ ಕಣ್ಣು ಕಾಣೋದಿಲ್ಲ ಕಣೋ' ಎಂದು ಒಂದೇ ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹಿಂದಿನ ಕಾರ್ಯದರ್ಶಿ ಲವೋನ್ ಹಾಗೆ ಹೇಳಿದ ಮರುವಾರವೇ ಸಮಿತಿಯ ಅಧ್ಯಕ್ಷ ಡ್ವೇನ್ ಅವಳಿಗೆ ಕೇಕು ಕಾಫಿ ಕೊಟ್ಟು, ಚಪ್ಪಾಳೆ ತಟ್ಟಿ, ಮನೆಗೆ ಕಳಿಸಿದ್ದ. ಆ ಕೇಕು ಬೇಯಿಸಿದವಳು ಆರ್ಡಿಸಳೇ. ತನಗೂ ಅಂಥ ಕೇಕು ಬರುವುದು ಅವಳಿಗೆ ಬೇಕಿರಲಿಲ್ಲ. ಯಾರು ಕೇಳಿದರೂ 'ನನಗೆ ಹಳದಿ ಅಂದ್ರೆ ಪ್ರಾಣ' ಎನ್ನುತ್ತ ಬಂದಿದ್ದಳು. ಈಗ ತಾನೇ ಮತ್ತೆ ಹೊಂದಿಸಿಕೊಳ್ಳೋಣವೆಂದರೆ, ಹೊಂದಿಸುವ ಪುಟವನ್ನು ಓದುವುದಕ್ಕೇ ಆ ದಪ್ಪ ಅಕ್ಷರಗಳು ಬೇಕಿದ್ದವು.

"ಹಳೇ ಡಬ್ಬಿ ಎಲ್ಲಿದೆ?"

"ನನ್ನ ಟ್ರಕ್ಕಲ್ಲಿ. ನಾಳೆ ಗುಜರಿಗೆ."

"ಹೋಗಿ ತಂದು, ಅದರಿಂದ ನನ್ನ ಹಳದಿ ಬಣ್ಣ ತೆಗೆದುಕೊಡು."

"ಹೊರಗೆ ನೆಲವೆಲ್ಲ ಮಂಜುಗಡ್ಡೆ. ನಿನ್ನ ಶೋಕಿಗೆ ನಾನು ಸೊಂಟ ಮುರ್ಕೊಳ್ಳಲಾ? ಅರವತ್ತೆಂಟು ವರ್ಷಕ್ಕೆ ಇದೇನೇ ಹೈಸ್ಕೂಲ್ ಹುಡುಗಿ ಥರ!"

"ಹೈಸ್ಕೂಲಲ್ಲೂ ನೀನು ಹೀಗೇ ಇದ್ದೆ. ರಿಪೇರಿ ಮಾಡ್ತೀನಿ ಅಂತ ನನ್ನ ಸೈಕಲ್ ಬಿಚ್ಚಿ ಹಾಕಿದೆ. ನಾನು ಅದನ್ನ ಹೊತ್ಕೊಂಡು ಮನೆಗೆ ಹೋದೆ."

"ಅಯ್ಯೋ, ಇನ್ನೂ ಆ ಸೈಕಲ್ ಬಿಡಲ್ವಲ್ಲ ಇವಳು! ಸರಿ, ಏನು ಕಮ್ಮಿಯಾಗಿದೆ ಹೇಳು. ಮೇಲಿಂದ ಒಂದೊಂದೇ ಓದು, ಬರ್ಕೋತೀನಿ."

ಆರ್ಡಿಸ್ ಬೆನ್ನು ನೆಟ್ಟಗೆ ಮಾಡಿದಳು. ತನ್ನ ಕಡತಗಳಲ್ಲಿ ಯಾವುದು ಯಾವ ಮೂಲೆಯಲ್ಲಿದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲಳು. "ಮೊದಲು ವಾರಪತ್ರ. ಅದರ ಕೆಳಗೆ ಅಂತ್ಯಕ್ರಿಯೆ. ಆಮೇಲೆ ಕಾಫಿ ಸರದಿ, ಆಮೇಲೆ ಹಾಡಿನ ಪಟ್ಟಿ. ಎಲ್ಲಾ ಇದೆ ಬಿಡು," ಎಂದು ಪಟಪಟನೆ ಒಪ್ಪಿಸಿದಳು.

ಪೆನ್ನಿನ ಸದ್ದು ಬರಲಿಲ್ಲ.

"ಆರ್ಡಿಸ್," ಎಂದ ಹಾರ್ಲನ್. "ನಾನು ಎಲ್ಲಾ ಬೇರೆ ಥರ ಜೋಡಿಸಿದೀನಿ. ಮೊದಲು ಇರೋದು ಬಾಯ್ಲರ್ ರಿಪೇರಿ. ವಾರಪತ್ರ ಕಟ್ಟಕಡೇಲಿದೆ."

ಆರ್ಡಿಸ್ ಸುಮ್ಮನೆ ಮೇಜಿನ ಮೇಲಿನ ಕಾಗದಗಳನ್ನು ಸರಿಮಾಡಿದಳು.

"ಎಷ್ಟು ದಿನದಿಂದ ಕಣ್ಣು ಹೀಗೆ?" ಎಂದು ಕೇಳಿದ ಹಾರ್ಲನ್.

"ನಾಲ್ಕು ವರ್ಷ. ಡ್ವೇನ್ ಕಿವಿಗೆ ಬಿತ್ತೋ, ನಿನ್ನ ಕತ್ತು ಹಿಸುಕಿಬಿಡ್ತೀನಿ."

ಹಾರ್ಲನ್ ಹೊರಟ. ಬಾಗಿಲು ತೆರೆದ ಸದ್ದಾಯಿತು, ತಣ್ಣನೆ ಗಾಳಿ ಕಾಲಿಗೆ ತಾಗಿತು. ಅವನ ಕೋಟು ಗೂಟದಲ್ಲೇ ನೇತಾಡುತ್ತಿತ್ತು. ಹೊರಗೆ ಯಾರೋ ಧೊಪ್ಪನೆ ಬಿದ್ದದ್ದೂ, ಚರ್ಚಿನ ಅಂಗಳದಲ್ಲಿ ಆಡಬಾರದ ಎರಡು ಮಾತೂ ಅವಳಿಗೆ ಸ್ಪಷ್ಟವಾಗಿ ಕೇಳಿಸಿದವು. ಕುಂಟುತ್ತ ಒಳಬಂದ ಹಾರ್ಲನ್ ಹಳೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು ತಂತಿ ಜೋಡಿಸತೊಡಗಿದ.

ಒಂದೂವರೆಗೆ ಹಳದಿ ಅಕ್ಷರಗಳು ಎದ್ದು ನಿಂತವು. ಕಡತಗಳೂ ಹಳೆಯ ಜಾಗಕ್ಕೆ ಹೋದವು. ಆರ್ಡಿಸ್ ವಾರಪತ್ರದಲ್ಲಿ ಎರಡು ತಪ್ಪು ಹುಡುಕಿ ತಿದ್ದಿ ಅಚ್ಚಿಗೆ ಕೊಟ್ಟಳು. ಮೊದಲ ಹಾಳೆ ಹೊರಬರುತ್ತಿದ್ದಂತೆ ತನ್ನ ಪ್ರತಿ ಒಯ್ಯಲು ಡ್ವೇನ್ ಬಂದು, ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದ.

"ಅಬ್ಬಬ್ಬಾ! ಹೆದ್ದಾರಿ ಬೋರ್ಡಿನ ಹಾಗಿದೆಯಲ್ಲ! ಯಾರಿಗೆ ಬೇಕು ಇಷ್ಟು ದಪ್ಪ ಅಕ್ಷರ?"

ಮೌಸಿನ ಮೇಲೆ ಆರ್ಡಿಸಳ ಕೈ ನಿಂತುಹೋಯಿತು.

ಹಾರ್ಲನ್ ಒದ್ದೆ ಮೊಣಕಾಲು ಉಜ್ಜಿಕೊಳ್ಳುತ್ತ, ತಲೆಯೆತ್ತದೆ ಹೇಳಿದ: "ಬರೀ ಅಲಂಕಾರ, ಡ್ವೇನ್. ಮೂರು ಬ್ಯಾಕಪ್ ತೆಗೆದಿಟ್ಟಿದೀನಿ."