ಕಾಯಿನ್ ಮಾಮ

ಚಹಾ ಆರುವ ಮೊದಲೇ ಮುಗಿಯುವ ಕಥೆ ಇದು... ಓದಿ ಮುಗಿಸಿದ ಮೇಲೂ ಚಹಾ ಕುಡಿಯಲು ಮನಸ್ಸಾಗದಿದ್ದರೆ ನನ್ನನ್ನು ಬೈಯಬೇಡಿ.

ದಾವಣಗೆರೆಯ ಶೈಲಜಾ, ಡಿಪ್ಲೊಮಾ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಆ ಭಾನುವಾರ ಅವಳಿಗೆ ಎರಡು ತಲೆನೋವು... ಒಂದು ಲ್ಯಾಪ್‌ಟಾಪ್, ಇನ್ನೊಂದು ಅಪ್ಪ.

ಅಪ್ಪ ಮುರಿಗೆಪ್ಪನವರು ಒಂದು ಕಾಲದಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದವರು. ಈಗ ಮರೆವಿನ ಕಾಯಿಲೆ. ಹೆಂಡತಿ, ಮಗಳು... ಯಾರ ಗುರುತೂ ಇಲ್ಲ.

ಹಿಂದಿನ ದಿನದಿಂದ ಊಟಕ್ಕೆ ಬಾಯಿಯನ್ನೇ ತೆರೆದಿರಲಿಲ್ಲ. ಇವತ್ತೂ ಉಣ್ಣದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಕೆ ಹಾಕಬೇಕಾಗುತ್ತದೆ ಎಂದಿದ್ದರು ಡಾಕ್ಟರ್. ಹಳೆಯದೇನಾದರೂ ತೋರಿಸಿ ನೋಡಿ ಎಂದೂ ಹೇಳಿದ್ದರು.

ಹಳೆಯದು ಅಂದರೆ ಅಂಗಡಿಯಲ್ಲಿದ್ದ ಆ ಗೇಮೇ ತಾನೇ?

ಅಂಗಡಿಯ ಮಷಿನ್ ಗುಜರಿ ಸೇರಿ ಕಾಲವಾಯಿತು. ಗೇಮಿನ ಫೈಲ್‌ಗಳು ಮಾತ್ರ ಒಂದು ಸಿ.ಡಿ.ಯಲ್ಲಿದ್ದವು. ಅವನ್ನು ಕಂಪ್ಯೂಟರಿನಲ್ಲಿ ಆಡುವಂತೆ ಬದಲಾಯಿಸುವ ಪುಟ್ಟ ಸಾಫ್ಟ್‌ವೇರ್ ಕೂಡ ಜೊತೆಗಿತ್ತು... ಆದರೆ ಅದು ಓಬೀರಾಯನ ಕಾಲದ ವಿಂಡೋಸ್‌ಗೆ ಬರೆದದ್ದು. ಇವಳ ಲ್ಯಾಪ್‌ಟಾಪ್ ನಡೆಯುತ್ತಿದ್ದದ್ದು ವಿಂಡೋಸ್ ಬದಲು ಲಿನಕ್ಸ್ ಎಂಬ ಬೇರೆಯೇ ವ್ಯವಸ್ಥೆಯಲ್ಲಿ.

ಸರಿ, ಅದರ ಕೋಡನ್ನೇ ಲಿನಕ್ಸ್‌ಗೆ ಹೊಂದಿಸುತ್ತೇನೆ ಎಂದು ಬೆಳಗ್ಗೆಯೇ ಕುಳಿತಳು. ಒಂದು ತಪ್ಪು ತಿದ್ದಿದರೆ ಇನ್ನೊಂದು ಹಾಜರ್. ಎಲ್ಲ ಮುಗಿಯಿತು ಅನ್ನುವಾಗ ಪರದೆಯ ಮೇಲೆ ಒಂದೇ ಸಾಲು... ‘ಫೈಲ್ ಸಿಗುತ್ತಿಲ್ಲ.’

ಅಯ್ಯೋ, ಕಣ್ಣೆದುರೇ ಬಿದ್ದಿದೆಯಲ್ಲ! ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಆ ಕಡೆ ಅಮ್ಮ ತಟ್ಟೆ ಹಿಡಿದು ಗೋಗರೆದು ಸುಸ್ತಾಗಿದ್ದರು. ಶೈಲಜಾಳೂ ‘ಅಪ್ಪಾ... ಅಪ್ಪಾ...’ ಎಂದು ಕರೆದು ಕರೆದು ಗಂಟಲು ಒಣಗಿಸಿಕೊಂಡಳು. ಅಪ್ಪ ಗೋಡೆ ನೋಡುತ್ತಲೇ ಕುಳಿತಿದ್ದರು.

ಸಂಜೆ ಹೊತ್ತಿಗೆ ಕಳ್ಳ ಸಿಕ್ಕಿಬಿದ್ದ. ಫೈಲಿನ ಹೆಸರು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿತ್ತು, ಕೋಡ್ ಅದನ್ನು ಸಣ್ಣ ಅಕ್ಷರದಲ್ಲಿ ಹುಡುಕುತ್ತಿತ್ತು. ವಿಂಡೋಸ್‌ಗೆ ಎರಡೂ ಒಂದೇ. ಲಿನಕ್ಸ್ ಹಾಗಲ್ಲ... ಇಟ್ಟ ಹೆಸರಿನಲ್ಲೇ ಕರೆಯಬೇಕು, ಇಲ್ಲದಿದ್ದರೆ ಓಗೊಡುವುದೇ ಇಲ್ಲ. ನಮ್ಮ ಕನ್ನಡದ ಅಕ್ಷರಗಳಿಗೆ ಈ ರಗಳೆಯೇ ಇಲ್ಲ ನೋಡಿ.

ಗೇಮ್ ಓಡಿತು. ಕುಣಿದಾಡುತ್ತಾ ತಂದು ಅಪ್ಪನ ಮುಂದೆ ಇಟ್ಟಳು. ಅಪ್ಪ ಒಮ್ಮೆ ನೋಡಿ ಮುಖ ತಿರುಗಿಸಿದರು.

ಅಮ್ಮ ನಿಟ್ಟುಸಿರು ಬಿಟ್ಟರು. “ಅವರು ಯಾವತ್ತು ಆಡಿದ್ರು ಅದನ್ನ? ಕೌಂಟರ್‌ನಲ್ಲಿ ಕೂತು ಮಕ್ಕಳಿಗೆ ಮಷಿನ್‌ಗೆ ಹಾಕೋ ಕಾಯಿನ್ ಕೊಡ್ತಿದ್ರು ಅಷ್ಟೆ. ಆ ಸದ್ದಿಗೆ ತಲೆ ಸಿಡೀತದೆ ಅಂತಿದ್ರು.”

ಈ ಮಾತನ್ನು ಬೆಳಗ್ಗೆಯೇ ಹೇಳಬಾರದಿತ್ತೇ? ಶೈಲಜಾ ಹಣೆ ಹಣೆ ಚಚ್ಚಿಕೊಂಡಳು.

ಲ್ಯಾಪ್‌ಟಾಪ್ ಮುಚ್ಚಲು ಹೋದವಳ ಕೈ ಅಲ್ಲೇ ನಿಂತಿತು. ಇಟ್ಟ ಹೆಸರಿನಲ್ಲೇ ಕರೆಯಬೇಕು... ಅಂಗಡಿಗೆ ಬರುತ್ತಿದ್ದ ಮಕ್ಕಳೆಲ್ಲ ಇವರನ್ನು ಏನೆಂದು ಕರೆಯುತ್ತಿದ್ದರು?

ಅಪ್ಪನ ಎದುರು ಕುಳಿತು ಅಂಗೈ ಚಾಚಿದಳು.

“ಕಾಯಿನ್ ಮಾಮಾ... ಒಂದು ಕಾಯಿನ್ ಕೊಡಿ.”

ಮುರಿಗೆಪ್ಪನವರ ಕತ್ತು ತಿರುಗಿತು. ಕೈ ಅಂಗಿಯ ಜೇಬಿಗೆ ಹೋಗಿ ಅಲ್ಲೇ ತಡೆದು ನಿಂತಿತು.

“ಉಂಡು ಬಂದ್ಯಾ? ಉಣ್ಣದೆ ಬಂದೋರಿಗೆ ಕಾಯಿನ್ ಇಲ್ಲ.”

ಊಟ ಬಿಟ್ಟು ಅಂಗಡಿಗೆ ಓಡಿಬಂದ ಪ್ರತಿ ಮಗುವಿಗೂ ಅವರು ಹೀಗೇ ಗದರುತ್ತಿದ್ದರು.

“ಇಲ್ಲ ಮಾಮಾ... ನೀವೂ ಉಂಡ್ರೆ ನಾನೂ ಉಣ್ತೀನಿ.”

ಅಮ್ಮ ತಟ್ಟೆ ತಂದರು. ಮುರಿಗೆಪ್ಪನವರು ತಾವೇ ಅನ್ನ ಕಲಸಿದರು... ಮೊದಲ ತುತ್ತು ಅವಳ ಬಾಯಿಗೆ, ಎರಡನೆಯದು ತಮ್ಮ ಬಾಯಿಗೆ.

ಮಗಳ ಗುರುತು ಆಗಲೂ ಸಿಕ್ಕಿರಲಿಲ್ಲ. ಯಾರದೋ ಮನೆಯ ಹಸಿದ ಮಗುವಿಗೆ ಉಣಿಸುತ್ತಿದ್ದರು, ಅಷ್ಟೆ. ಶೈಲಜಾ ಅಳುತ್ತಲೇ ಅಗಿದು ನುಂಗಿದಳು.

*ಓಗೊಡದವರೆಲ್ಲ ದೂರ ಹೋದವರಲ್ಲ... ನಾವು ಕರೆಯುತ್ತಿರುವ ಹೆಸರು ಬೇರೆ ಇರಬಹುದು.*

ನಿಮ್ಮ ಅಪ್ಪನನ್ನು ಹೊರಗಿನ ಜನ ಪ್ರೀತಿಯಿಂದ ಏನೆಂದು ಕರೆಯುತ್ತಿದ್ದರು... ನಿಮಗೆ ಗೊತ್ತೇ?