ಕೂಳೆಗೆ ಇಟ್ಟ ಬೆಂಕಿ

ಕಂಪ್ಲಿಯ ರಸ್ತೆಯಲ್ಲಿ ಭತ್ತದ ಹುಲ್ಲು ಸುಡುವ ವಾಸನೆ ಬಂದರೆ ಇಂದಿಗೂ ನನಗೆ ಆ ಮಧ್ಯಾಹ್ನವೇ ಕಣ್ಣಿಗೆ ಕಟ್ಟುತ್ತದೆ.

ಮಿಷನ್ ಕೊಯ್ದು ಬಿಟ್ಟಿದ್ದ ಹುಲ್ಲಿಗೂ ನೆಲದಲ್ಲಿ ಉಳಿದ ಕೂಳೆಗೂ ಅಪ್ಪ ಗದ್ದೆಯಲ್ಲೇ ಬೆಂಕಿಯಿಟ್ಟಿದ್ದ. ಅಜ್ಜಿ ಬದುವಿನ ಮೇಲೆ ಓಡುತ್ತಾ ಬಂದಳು.

"ಬ್ಯಾಡಲೇ, ಹುಲ್ಲು ಅಲ್ಲೇ ಕೊಳೀಲಿ. ನೆಲಕ್ಕ ಅದೇ ಊಟ!"

"ಕಾಲುವಿಗೆ ನೀರು ಬಿಟ್ಟಾರ, ಯವ್ವಾ, ನಾಟಿ ಹಚ್ಚಬೇಕು. ಕೊಳಿಯೋತನಕ ಯಾರು ಕಾಯ್ತಾರ?" ಎಂದ ಅಪ್ಪ.

ಬೆಂಕಿ ಆರಿದ ಮೇಲೆ ಅಜ್ಜಿ ಕುಕ್ಕರುಗಾಲಲ್ಲಿ ಕುಳಿತು, ಇನ್ನೂ ಬಿಸಿಯಿದ್ದ ಮಣ್ಣನ್ನು ಬೆರಳಿನಿಂದ ಕೆದಕಿದಳು. ಸುಟ್ಟು ಸುರುಟಿದ ಎರೆಹುಳುಗಳನ್ನು ಅಂಗೈಯಲ್ಲಿ ಆರಿಸಿಕೊಂಡು ಅಪ್ಪನ ಮುಂದೆ ಹಿಡಿದಳು.

"ನಿಮ್ಮಪ್ಪ ಸತ್ತ ಮ್ಯಾಲೆ ನನ್ನ ಜೋಡಿ ದುಡದಾವು ಇವು."

ಅಪ್ಪ ಮುಖ ತಿರುಗಿಸಿ ಬೀಡಿ ಹಚ್ಚಿದ.

ಮುಂದಿನ ಬೆಳೆ ಕೊಯ್ದಾಗಲೂ ಅವನು ಬೆಂಕಿಯಿಟ್ಟ. ಅಜ್ಜಿ ಗದ್ದೆಗೆ ಹೋಗುವುದನ್ನೇ ಬಿಟ್ಟಳು.