ಫಾರ್ಮಲಿನ್ ಬೀಳ್ಕೊಡುಗೆ

“ಆ ಫ್ಯಾನ್ ಆರಿಸ್ರೀ, ಯಜಮಾನ್ರ ಭಾಷಣ ಕೇಳಿಸೋದು ಬೇಡ್ವಾ?” ಎನ್ನುತ್ತ ಅಸಿಸ್ಟೆಂಟ್ ಕೆಮಿಸ್ಟ್ ತಾನೇ ಹೋಗಿ ಸ್ವಿಚ್ ಒತ್ತಿದ. ಪ್ಲೈವುಡ್ ಕಾರ್ಖಾನೆಯ ಲ್ಯಾಬಿನಿಂದ ಘಾಟನ್ನೆಲ್ಲ ಹೊರಗೆ ಎಳೆದುಹಾಕುವ ಫ್ಯಾನ್ ಅದು. ಗೊರಗೊರ ಎಂದು ಸುಮ್ಮನಾಯಿತು. ಗರಗಸದ ಸದ್ದು ಒಳಗೆ ಬಾರದಿರಲೆಂದು ಕಿಟಕಿಗಳನ್ನು ಅವನು ಮೊದಲೇ ಮುಚ್ಚಿಸಿದ್ದ. ಅಂಟು ತಯಾರಿಸಲು ಬಳಸುವ, ಕಣ್ಣು ಮೂಗು ಉರಿಸುವ ಫಾರ್ಮಲಿನ್ನಿನ ಜಾಡಿ ಗಾಜಿನ ಗೂಡಿನೊಳಗೆ ಇರಬೇಕಾದದ್ದು. ಆದರೆ ಗ್ರೂಪ್ ಫೋಟೋದಲ್ಲಿ ಚೀಫ್ ಕೆಮಿಸ್ಟರ ತಲೆಯ ಹಿಂದೆ ಜಾಡಿ ಕಂಡರೆ ಲಕ್ಷಣವಲ್ಲವೆಂದು ಅದನ್ನೂ ತಾನೇ ಎತ್ತಿ ಮೇಜಿನ ಕೆಳಗಿಟ್ಟು, ಮುಂದೆ ಬಿಳಿ ಬಟ್ಟೆ ಇಳಿಬಿಟ್ಟಿದ್ದ. ಜಾಡಿಯ ಮುಚ್ಚಳದ ತಿರುಪು ಸವೆದಿತ್ತು. ಹೊಸ ಮುಚ್ಚಳ ಕೇಳಿದಾಗಲೆಲ್ಲ ಚೀಫ್, “ಒತ್ತಿ ಇಡಿ, ಕೂತ್ಕೊಳ್ಳತ್ತೆ” ಎನ್ನುತ್ತಿದ್ದರು.

ಇಷ್ಟೆಲ್ಲ ಮುತುವರ್ಜಿ ಸುಮ್ಮನೆ ಬಂದದ್ದಲ್ಲ. ಚೀಫ್ ಇವತ್ತು ನಿವೃತ್ತರಾಗುತ್ತಾರೆ, ನಾಳೆ ಬೆಳಿಗ್ಗೆ ಆ ಕುರ್ಚಿ ಅಸಿಸ್ಟೆಂಟನದು. ಅದಕ್ಕಾಗಿ ಕಾದು ಕಾದು ಅವನ ತಲೆ ಬೋಳಾಗಿತ್ತು. ಹೆಂಡತಿಯಂತೂ ನೆಂಟರಿಷ್ಟರಿಗೆಲ್ಲ ಆಗಲೇ ಫೋನ್ ಮಾಡಿ ಸುದ್ದಿ ಮುಟ್ಟಿಸಿಬಿಟ್ಟಿದ್ದಳು.

ಇನ್ನು ಚೀಫ್. ಅವರು ಹೋಗುತ್ತಾರೆಂದು ಮರುಗುವ ಒಂದು ಜೀವವೂ ಆ ಲ್ಯಾಬಿನಲ್ಲಿ ಇರಲಿಲ್ಲ. ಕೈಗವಸು, ಕಣ್ಣಿಗೆ ಕನ್ನಡಕ ಬೇಕೆಂದು ಕೇಳಿದವರಿಗೆಲ್ಲ, “ನೀವೇನು ಬೆಣ್ಣೆ ಗೊಂಬೆಗಳಾ?” ಎಂಬುದೇ ಉತ್ತರ. ಕಣ್ಣು ಉರಿಯುತ್ತದೆ ಎಂದರೆ, “ಹಾಗಾದ್ರೆ ಮಾಲು ಅಸಲಿ” ಎಂದು ನಕ್ಕುಬಿಡುವರು. ಅವರ ಸ್ವಂತ ಮೂಗು ಎಂದೋ ಕೈಕೊಟ್ಟಿತ್ತು. ಅದನ್ನು ಅವರು ಅನುಭವ ಎಂದು ಕರೆಯುತ್ತಿದ್ದರು.

ಅಸಿಸ್ಟೆಂಟ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. “ನಮ್ಮ ಚೀಫ್ ಸುರಕ್ಷತೆಗೇ ಮೊದಲ ಸ್ಥಾನ ಕೊಟ್ಟೋರು. ಈ ಲ್ಯಾಬಲ್ಲಿ ಇವತ್ತಿನವರೆಗೆ ಒಂದು ತೊಟ್ಟು ಹೊರಗೆ ಚೆಲ್ಲಿಲ್ಲ. ಮುಂದೆ ನಾನೂ ಹಾಗೇ ನಡೆಸ್ಕೊಂಡು ಹೋಗ್ತೀನಿ.” ಕಾರ್ಖಾನೆಯ ಯಜಮಾನರು ಮೆಚ್ಚಿ ತಲೆದೂಗಿದರು. ಹೊಗಳಿಕೆ ಕೇಳಿದ ಸುಖಕ್ಕೆ ಚೀಫ್ ಮೇಜಿನ ಕೆಳಗೆ ಆರಾಮಾಗಿ ಕಾಲು ಚಾಚಿದರು. ಏನೋ ಉರುಳಿದ ಸದ್ದಾಯಿತು. ಯಾರದೋ ಚಪ್ಪಾಳೆಯಲ್ಲಿ ಅದು ಮುಚ್ಚಿಹೋಯಿತು. ಬಿಳಿ ಬಟ್ಟೆಯ ಅಂಚು ಮೆಲ್ಲಗೆ ಒದ್ದೆಯಾಗತೊಡಗಿತು.

ಮೊದಲು ನೋಡಿದ್ದು ಮುಂದಿನ ಸಾಲಿನಲ್ಲಿದ್ದ, ಅಂಟು ಪರೀಕ್ಷಿಸುವ ಹೆಂಗಸು. ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು ಅಸಿಸ್ಟೆಂಟನ ಕಿವಿಯ ಹತ್ತಿರ ಬಂದಳು.

“ಸಾರ್, ಜಾಡಿ ಉರುಳಿದೆ. ಫ್ಯಾನ್ ಹಾಕಿ, ಎಲ್ಲರನ್ನೂ ಹೊರಗೆ ಕಳಿಸಿ.”

“ಶ್! ಯಜಮಾನ್ರು ಮಾತಾಡೋಕೆ ಎದ್ದಿದ್ದಾರೆ.”

“ಮಾತಾಡೋಕೆ ಗಂಟಲು ಉಳೀಬೇಕಲ್ಲ ಸಾರ್!”

“ಒಂದು ತೊಟ್ಟು ಚೆಲ್ಲಿಲ್ಲ ಅಂತ ಈಗ ತಾನೇ ಹೇಳಿದ್ದೀನಿ ಕಣಮ್ಮ. ಸ್ವಲ್ಪ ಹೊತ್ತು ತಡ್ಕೋ. ಮುಗಿದ್ಹೋಗತ್ತೆ.”

ಯಜಮಾನರು ಲ್ಯಾಬಿನ ಹೊಸ್ತಿಲು ದಾಟಿದ್ದೇ ಅದು ಮೊದಲ ಸಲ. ಘಾಟು ಮೂಗಿಗೆ ಹೊಡೆದರೂ, ಲ್ಯಾಬ್ ಎಂದರೆ ಹೀಗೇ ಇರುತ್ತದೇನೋ ಎಂದುಕೊಂಡು ಮಾತು ಶುರುಮಾಡಿದರು. ಎರಡು ವಾಕ್ಯ ಆಗುವಷ್ಟರಲ್ಲಿ ನಿಲ್ಲಿಸಿದರು. ಎದುರಿಗೆ ಕೂತ ಅಷ್ಟೂ ಜನ ಅಳುತ್ತಿದ್ದರು. ಸ್ಟೋರ್ ಕೀಪರ್ ಮೂಗು ಸೀಟುತ್ತಿದ್ದ. ಚೀಫನ್ನು ಕಂಡರೆ ಹಲ್ಲು ಕಡಿಯುತ್ತಿದ್ದ ಡ್ರೈವರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಫೋಟೋದವನಿಗೆ ಚೀಫ್ ಯಾರೆಂದೇ ಗೊತ್ತಿರಲಿಲ್ಲ, ಅವನೂ ಬಿಕ್ಕುತ್ತಿದ್ದ.

“ಎಂಥಾ ಪ್ರೀತಿ!” ಎಂದರು ಯಜಮಾನರು, ಕೆನ್ನೆ ಒರೆಸಿಕೊಳ್ಳುತ್ತ. “ನಮ್ಮಪ್ಪ ತೀರಿಕೊಂಡಾಗ್ಲೂ ನಾನು ಹೀಗೆ ಅತ್ತಿರ್ಲಿಲ್ಲ. ಇಂಥಾ ಮನುಷ್ಯನ್ನ ಮನೇಗೆ ಕಳಿಸಿದ್ರೆ ನನಗೆ ಪಾಪ ಸುತ್ಕೊಳ್ಳತ್ತೆ. ಇನ್ನೂ ಐದು ವರ್ಷ ಇವರೇ ಚೀಫಾಗಿ ಇರ್ಲಿ!”

ಅಸಿಸ್ಟೆಂಟ್ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ನಿಂತ. “ಸಾರ್, ಇದು... ಇದು ದುಃಖದ ಕಣ್ಣೀರಲ್ಲ ಸಾರ್!”

“ಮತ್ತೇನಯ್ಯ?”

ಅಸಿಸ್ಟೆಂಟ್ ಕೆಮ್ಮುತ್ತಲೇ ಲೆಕ್ಕ ಹಾಕಿದ. ಫಾರ್ಮಲಿನ್ ಎಂದರೆ, ಜಾಡಿ ಅಲ್ಲಿಟ್ಟವರು ಯಾರು ಎಂದು ಕೇಳುತ್ತಾರೆ. ಫ್ಯಾನ್ ಆರಿಸಿದವರು ಯಾರು ಎಂದು ಕೇಳುತ್ತಾರೆ. ಒಂದು ತೊಟ್ಟೂ ಚೆಲ್ಲಿಲ್ಲ ಎಂದವರು ಯಾರೆಂದು ಕೇಳಬೇಕಾಗಿಯೇ ಇರಲಿಲ್ಲ. ಚೀಫ್ ಕುರ್ಚಿ ಹಾಗಿರಲಿ, ಈಗ ಕೂತ ಕುರ್ಚಿಗೂ ಕುತ್ತು ಬರುತ್ತಿತ್ತು. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು.

“ಆನಂದಬಾಷ್ಪ ಸಾರ್,” ಎಂದ.

ಇನ್ನು ತಡೆಯಲಾರದೆ ಆ ಹೆಂಗಸು ಯಾರನ್ನೂ ಕೇಳದೆ ಫ್ಯಾನ್ ಹಾಕಿದಳು, ಕಿಟಕಿಗಳನ್ನು ದಡಬಡ ತೆರೆದಳು, “ಫೋಟೋ ಅಂಗಳದಲ್ಲಿ!” ಎಂದು ಕೂಗಿ ಎಲ್ಲರನ್ನೂ ಹೊರಗೆ ಅಟ್ಟಿದಳು. ನಲ್ಲಿಯ ಹತ್ತಿರ ಸಾಲಾಗಿ ನಿಂತು ಜನ ಕಣ್ಣಿಗೆ ನೀರು ಎರಚಿಕೊಂಡರು. ತಣ್ಣಗೆ ಗಾಳಿ ಬೀಸುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಎಲ್ಲರ ಮುಖವೂ ಒಣಗಿತು. ಡ್ರೈವರ್ ಆಗಲೇ ಚೀಫಿಗೆ ಬೈಯತೊಡಗಿದ್ದ.

ಅಸಿಸ್ಟೆಂಟ್ ಮಾತ್ರ ಗೋಡೆಗೆ ಹಣೆ ಹಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಚೀಫ್ ಬಂದು ಅವನ ಬೆನ್ನು ಸವರಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಅವರ ದನಿ ಮೆತ್ತಗಾಗಿತ್ತು.

“ಸಾಕು ಬಿಡಯ್ಯ, ಅಳ್ಬೇಡ. ನಾನೆಲ್ಲಿಗೂ ಹೋಗ್ತಿಲ್ಲ.”